ಟಿಕೆಟ್ಟಿನ ಬೆನ್ನಿಗೆ

ವಾಪಸಂದ್ರದಲ್ಲಿ ಬೋರ್ಡು ಕಟ್ಟಿದ್ದು ಬೆಳಿಗ್ಗೆ ಏಳಕ್ಕಂತೆ.
ನಾನು ಬಾಗೇಪಲ್ಲಿ ಟ್ರಿಪ್ಪು ಮುಗಿಸಿ ಬರೋ ಹೊತ್ತಿಗೆ
ಗೇಟಿನಲ್ಲಿ ಬರೀ ದಾರ ನೇತಾಡುತ್ತಿತ್ತು.

ಆರನೇ ಮನೆ ಇದು.
ಪ್ರಶಾಂತ ನಗರದ್ದು ಬ್ಯಾಂಕಿನವರಿಗೆ ಹೋಯಿತು,
ಕಂದವಾರದ್ದು ಮೆಡಿಕಲ್ ಓದುವ ಮೂರು ಹುಡುಗರಿಗೆ,
ತಲಾ ಐದು ಸಾವಿರ, ಚೌಕಾಸಿಯಿಲ್ಲ.
‘ನಿಮ್ಮದು ಹೊತ್ತಲ್ಲದ ಹೊತ್ತಲ್ಲಿ ಬರೋ ಕೆಲಸ’ ಅಂದ ಇನ್ನೊಬ್ಬರು
ನನ್ನನ್ನು ಬಿಟ್ಟು ಬಾಗಿಲ ಚಿಲಕ ನೋಡಿದರು.

ಡ್ರೈವರ್ ಚೌಡರೆಡ್ಡಿ ಗೇರು ಎಳೆಯುತ್ತಾ ಹೇಳಿದ:
‘ಬರಿಗೈಲಿ ಹೋಗಿ ನಿಂತರೆ ಯಾರಕ್ಕಾ ಕೊಡ್ತಾರೆ?
ಅವರು ಕೇಳೋಕೆ ಮುಂಚೆ ನೀವೇ ತೋರಿಸಬೇಕು.
ಚೆಕಿಂಗ್‌ನವರು ಹತ್ತಿದಾಗ ನಾವು ಹೆಂಗೋ, ಹಂಗೆ.’

ರಾತ್ರಿ ಊಟದ ತಟ್ಟೆ ಪಕ್ಕಕ್ಕೆ ಸರಿಸಿ
ಮಗನ ಪ್ರಾಜೆಕ್ಟಿಗೆ ತಂದ ಹೊಸ ಫೈಲು ಬಿಚ್ಚಿದೆ.
ಆಧಾರು.
ಮೂರು ತಿಂಗಳ ಸಂಬಳದ ಚೀಟಿ,
ಕಡಿತವೆಲ್ಲ ಕಳೆದು ಉಳಿದದ್ದರ ಕೆಳಗೆ ಗೆರೆ.
ಡಿಪೋ ಮ್ಯಾನೇಜರರ ಸೀಲು, ಸ್ವಲ್ಪ ಸೊಟ್ಟಗೆ.
ಈಗಿನ ಮನೆಯ ಗಂಗುಲಪ್ಪನವರು
ಮಗಳ ಲಗ್ನಪತ್ರಿಕೆ ಹಿಂದೆ ಬರೆದುಕೊಟ್ಟದ್ದು:
‘ಈಯಮ್ಮ ಒಳ್ಳೇವರು. ಗೋಡೆಗೆ ಮೊಳೆ ಹೊಡೆದಿಲ್ಲ.
ಮನೆ ಅಳಿಯಂದಿರಿಗೆ ಬೇಕು, ಅದಕ್ಕೇ ಬಿಡಿಸ್ತಿದ್ದೀನಿ.’
ಬಾಡಿಗೆ ಹಾಕಿದ ಪಾಸ್‌ಬುಕ್ಕಿನ ಜೆರಾಕ್ಸು,
ಐದನೇ ತಾರೀಕು ದಾಟಿದ್ದು ಒಂದೇ ಸಲ.
ಪಕ್ಕದಲ್ಲಿ ಪೆನ್ಸಿಲಿಂದ ‘ಮಗನಿಗೆ ಡೆಂಗಿ’ ಅಂತ ಬರೆದೆ.
ರೋಗದ ಮನೆ ಅಂದುಕೊಂಡಾರು ಅನ್ನಿಸಿ ಅಳಿಸಿದೆ.

ಗಂಡನದು ಏನೂ ಇಡಲಿಲ್ಲ.
ಹೋಗುವಾಗ ಅವನು ರಸೀತಿ ಕೊಟ್ಟು ಹೋಗಿರಲಿಲ್ಲ.

ಪೆಟ್ಟಿಗೆಯ ತಳದಲ್ಲಿ ಜಾತಿ ಪ್ರಮಾಣಪತ್ರ.
ಕೆಲಸ ಕೊಡಿಸಿದ ಕಾಗದ;
ಮನೆ ತಪ್ಪಿಸುವುದಕ್ಕೆ ಅದು ಕಾಗದದಲ್ಲಿ ಇರಬೇಕೆಂದೇ ಇಲ್ಲ.
ಒಳಗಿಟ್ಟೆ. ತೆಗೆದೆ. ಮತ್ತೆ ಇಟ್ಟೆ.
ತಟ್ಟೆ ತೊಳೆದು ಬಂದು
ಪೆಟ್ಟಿಗೆಗೇ ಹಾಕಿದೆ.

ಹೂವಿನ ಮಾರ್ಕೆಟ್ಟಿನ ಹಿಂದಿನ ಬೀದಿ,
ಜಗಲಿಯ ಮೇಲೆ ಅಕ್ಕಯಮ್ಮ,
ಮುಂದೆ ನೆನೆಸಿದ ಅವರೆಕಾಳಿನ ಬೋಸಿ.
ನನಗಿಂತ ಮುಂಚೆ ಮೂವರು ನಿಂತಿದ್ದಾರೆ.
ಇಸ್ತ್ರಿ ಷರ್ಟಿನವನು ಬಗ್ಗಿ ಮೆಲ್ಲಗೆ
‘ಅಡ್ವಾನ್ಸು ಎರಡರಷ್ಟು ಬೇಕಾದ್ರೂ’ ಅನ್ನುತ್ತಿದ್ದಾನೆ.
ನಾನು ಫೈಲು ಚಾಚಿದೆ.
ಒದ್ದೆ ಕೈ ಸೆರಗಿಗೆ ಒರೆಸಿ
ಒಂದೊಂದೇ ತಿರುವಿದಳು,
ಫೋಟೋ ನೋಡಿದಳು, ನನ್ನ ನೋಡಿದಳು,
ಗಂಗುಲಪ್ಪನ ಅಕ್ಷರದ ಮೇಲೆ ಬೆರಳಾಡಿಸಿದಳು.

‘ಗೌರಿಬಿದನೂರು ಬಸ್ಸು. ಹೋದ ಸಂಕ್ರಾಂತಿಗೆ ಮುಂಚೆ.
ನೀನೇ ಅಲ್ವೇನಮ್ಮಾ?
ನನಗೆ ಫ್ರೀ, ನನ್ನ ಅವರೆಕಾಯಿ ಮೂಟೆಗೆ ಟಿಕೆಟ್ಟು!
ಏಳು ರೂಪಾಯಿ ಹಿಂದೆ ಬರೆದೆ.
ಸ್ಟ್ಯಾಂಡಲ್ಲಿ ಇಳಿಯೋವಾಗ ನೀನೆಲ್ಲೋ, ನಾನೆಲ್ಲೋ.’

ಎಲೆಅಡಿಕೆ ಚೀಲದ ಒಳಜೇಬಿನಿಂದ
ನಾಲ್ಕು ಮಡಿಕೆಯ ಚೀಟಿ ಬಂತು.
ಮುಂದಿನ ಅಚ್ಚು ಪೂರ್ತಿ ಮಾಸಿ ಬಿಳಿ.
ಬೆನ್ನಿಗೆ ನನ್ನ ಪೆನ್ನಿನ ಏಳು,
ಸುತ್ತ ಒಂದು ಸೊನ್ನೆ ಸುತ್ತಿದ್ದು, ಹಾಗೇ ಇತ್ತು.

ಅಷ್ಟು ಕಾಗದ ಜೋಡಿಸಿದವಳು
ಇದೊಂದನ್ನು ಲೆಕ್ಕಕ್ಕೆ ತಗೊಂಡಿರಲಿಲ್ಲ.
ಊರಿನಲ್ಲಿ ಇಂಥವು ಎಷ್ಟಿವೆಯೋ,
ಯಾರ ಯಾರ ಚೀಲದಲ್ಲಿ.

ಒಂದು ಐದು, ಎರಡು ಒಂದು.
ಎಣಿಸಿಕೊಂಡು ಚೀಟಿ ಹರಿದಳು.
ಷರ್ಟಿನವನು ಫೋನು ನೋಡಿಕೊಂಡ.
‘ಹಿತುಕೋಕೆ ಬರುತ್ತಾ?’ ಅಂದಳು ಅಕ್ಕಯಮ್ಮ,
ಬೋಸಿಯನ್ನು ನನ್ನ ಕಡೆಗೆ ತಳ್ಳಿ.

ಕೂತೆ. ಹೆಬ್ಬೆರಳು ಒತ್ತಿದರೆ
ಸಿಪ್ಪೆಯಿಂದ ಬೇಳೆ ಚಂಗನೆ ಹಾರುತ್ತದೆ.
ಒಂದು ಸಿಪ್ಪೆ ನನ್ನ ಫೈಲಿಗೆ ಅಂಟಿದೆ.
ಬೆಳಿಗ್ಗೆ ನೀರು ಎಷ್ಟು ಹೊತ್ತಿಗೆ ಬಿಡುತ್ತಾರೆ ಹೇಳಿದಳು.
ಮಗ ಎಷ್ಟನೇ ಕ್ಲಾಸು ಕೇಳಿದಳು.
ನೀವು ಯಾವ ಜನ ಅಂತ
ಇನ್ನೂ ಕೇಳಿಲ್ಲ.
ಬೋಸಿಯಲ್ಲಿ ಇನ್ನೂ ಅರ್ಧ ಕಾಳಿದೆ.